ಐವತ್ನಾಲ್ಕನೇ ಪೆಟ್ಟಿಗೆ

ಆಗಷ್ಟೇ ಬೆಳಕು ಹರಿಯುತ್ತಿದೆ. ಮೊಯ್ರಾ ಟ್ರೆಜೈಸ್ ಏಣಿ ಏರುತ್ತಿದ್ದಾರೆ. ಅರವತ್ತೊಂದು ವರ್ಷದ ಮಂಡಿ ಪ್ರತಿ ಮೆಟ್ಟಿಲಿಗೂ ಗೊಣಗುತ್ತದೆ. ಕೆಳಗೆ ಏಣಿ ಹಿಡಿದು ನಿಂತಿರುವ ನೆರೆಯ ಕುರಿ ಸಾಕಣೆಗಾರ ಕ್ಲೆಮ್ ಸುಮ್ಮನಿರುವ ಆಸಾಮಿಯಲ್ಲ.

"ಬೀಳೋದಾದ್ರೆ ಮೊದ್ಲೇ ಹೇಳ್ಬಿಡು ಮಾರಾಯ್ತಿ, ಪಕ್ಕಕ್ಕೆ ಸರೀತೀನಿ."

"ನಿನ್ನ ಹೊಟ್ಟೆ ಮೇಲೇ ಬೀಳ್ತೀನಿ. ಅಷ್ಟು ಮೆತ್ತಗಿರೋದು ಈ ಕಾಡಲ್ಲಿ ಇನ್ನೇನಿದೆ?"

ಮೊಯ್ರಾ ಊರಿನ ಶಾಲಾ ಬಸ್ಸಿನ ಚಾಲಕಿ. ಎಂಟಕ್ಕೆ ಸ್ಟಿಯರಿಂಗ್ ಹಿಡಿಯಬೇಕು. ಅದಕ್ಕೆ ಮೊದಲಿನ ಹೊತ್ತೆಲ್ಲ ತುವಾನ್‌ಗಳದ್ದು. ಅಳಿಲಿಗಿಂತ ಕೊಂಚ ದಪ್ಪ, ಬಾಟಲಿ ತೊಳೆಯುವ ಬ್ರಷ್ಷಿನಂಥ ಬಾಲ. ಹಗಲೆಲ್ಲ ಮಲಗುವ ಈ ಪ್ರಾಣಿಗೆ ಮರದ ಪೊಟರೆಯೇ ಮನೆ. ವಿಕ್ಟೋರಿಯಾ ರಾಜ್ಯದ ಈ ಸೀಮೆಯ ಹಳೇ ಮರಗಳನ್ನೆಲ್ಲ ಚಿನ್ನದ ಗಣಿಗಳು ಎಂದೋ ನುಂಗಿ ನೀರು ಕುಡಿದಿವೆ. ಹೊಸ ಮರದಲ್ಲಿ ಪೊಟರೆ ಆಗಲು ನೂರು ವರ್ಷ ಬೇಕು. ಅಷ್ಟು ಕಾಯುವ ತಾಳ್ಮೆ ಮೊಯ್ರಾಗಿಲ್ಲ. ಇಪ್ಪತ್ತೆರಡು ವರ್ಷಗಳಿಂದ ತಾವೇ ಹಲಗೆ ಕೊಯ್ದು, ಎರಡು ಬೆರಳಗಲದ ತೂತು ಕೊರೆದು, ಈ ದಿಬ್ಬದ ಮರಗಳಿಗೆ ಐವತ್ನಾಲ್ಕು ಗೂಡುಪೆಟ್ಟಿಗೆ ಕಟ್ಟಿದ್ದಾರೆ. ಯಾರೂ ಮಾಡು ಎಂದಿಲ್ಲ, ಮಾಡಿದ್ದಕ್ಕೆ ಭೇಷ್ ಎಂದವರೂ ಕಡಿಮೆ.

ಕಳೆದ ಜನವರಿಯ ಕಾಳ್ಗಿಚ್ಚು ಅರ್ಧ ದಿಬ್ಬವನ್ನು ಬೋಳಿಸಿತು. ಸುಟ್ಟ ಪೆಟ್ಟಿಗೆಗಳ ಜಾಗಕ್ಕೆ ಹೊಸವನ್ನು ಕಟ್ಟಿ ಮೊಯ್ರಾ ಇಲ್ಲಿ ವಸಂತವಾಗಿರುವ ಅಕ್ಟೋಬರಿಗೆ ಕಾದರು. ತುವಾನ್ ಗಂಡುಗಳು ಒಂದೇ ಒಂದು ಹಂಗಾಮಿನಲ್ಲಿ ಹೆಣ್ಣನ್ನು ಕೂಡಿ, ಚಳಿಗಾಲದಲ್ಲಿ ಒಂದೂ ಉಳಿಯದೆ ಸಾಯುತ್ತವೆ. ವಸಂತದಲ್ಲಿ ಮರಿ ಹಾಕಿದ ತಾಯಿ ಸಿಗದಿದ್ದರೆ ಈ ದಿಬ್ಬದಲ್ಲಿ ವಂಶವೇ ಮುಗಿದಂತೆ. ಈ ವಾರ ತೆರೆದ ಐವತ್ಮೂರು ಪೆಟ್ಟಿಗೆಗಳೂ ಖಾಲಿ.

"ಮೊದಮೊದಲು ಒಂದೊಂದು ಪೆಟ್ಟಿಗೆಗೂ ಎದೆ ಹೊಡ್ಕೊಳ್ತಿತ್ತು," ಎನ್ನುತ್ತಾರೆ ಮೊಯ್ರಾ. "ಮೂವತ್ತಾದ್ಮೇಲೆ ಅದೂ ಸುಮ್ಮನಾಯ್ತು."

ಇದೇ ಕೊನೆಯದು. ಮುಚ್ಚಳ ಎತ್ತುವ ಮುನ್ನ ತೂತಿಗೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಒಳಗಿನ ಜೀವ ಹೊರಕ್ಕೆ ಜಿಗಿಯುತ್ತದೆ. ನೆರವಿಗೆ ಬಂದವರಿಗೆಲ್ಲ ಇದನ್ನು ಕಲಿಸಿದವರೇ ಮೊಯ್ರಾ. ಇವತ್ತು ಮಾತ್ರ ಬಟ್ಟೆ ಜೇಬಿನಲ್ಲೇ ಉಳಿದಿದೆ. ಖಾಲಿ ಪೆಟ್ಟಿಗೆಗೆ ಅದೆಲ್ಲ ಯಾಕೆ ಎಂದು ಮುಚ್ಚಳ ಎತ್ತಿ ಕೈ ಹಾಕುತ್ತಾರೆ.

ಮರುಕ್ಷಣ ಚೀರುತ್ತಾರೆ. ಬೆರಳಿನಿಂದ ರಕ್ತ ಇಳಿಯುತ್ತಿದೆ. ಬೂದು ಬಣ್ಣದ ತಾಯಿ ತೂತಿನಿಂದ ಹಾರಿ ಮರದ ತುದಿಗೆ ಓಡಿದ್ದಾಳೆ. ಒಳಗೆ ಉಣ್ಣೆಯ ಚಿಂದಿಯ ಮೇಲೆ ಮರಿಗಳು ಮುದ್ದೆಯಾಗಿ ಮಲಗಿವೆ.

ಮೊಯ್ರಾ ಮುಚ್ಚಳ ಮುಚ್ಚಿ ಕೆಳಗಿಳಿಯುತ್ತಾರೆ. ತಾಯಿ ಮರಳದಿದ್ದರೆ ಮರಿಗಳು ಉಳಿಯುವುದಿಲ್ಲ, ತಪ್ಪು ತಮ್ಮದೇ. ಇಬ್ಬರೂ ಮರದಿಂದ ದೂರ ಸರಿದು ಕಾಯುತ್ತಾರೆ. ಹತ್ತು ನಿಮಿಷ. ಇಪ್ಪತ್ತು. ಕೊನೆಗೆ ತಲೆಕೆಳಗಾಗಿ ಕಾಂಡದ ಮೇಲೆ ಸರಸರ ಇಳಿದು ಬಂದ ತಾಯಿ ತೂತಿನೊಳಗೆ ನುಸುಳುತ್ತಾಳೆ.

ಮೊಯ್ರಾ ನೆಲದ ಮೇಲೆ ಕುಸಿದು ಕೂರುತ್ತಾರೆ. ಅಳು, ನಗು ಎರಡೂ ಒಟ್ಟಿಗೇ ಬರುತ್ತವೆ. "ಕ್ಲೆಮ್, ನಿನ್ನ ಫುಟ್‌ಬಾಲ್ ಕ್ಲಬ್ಬಿನ ಉಣ್ಣೆ ಟೋಪಿ ಕಳೆದಿತ್ತಲ್ಲ, ಅದರ ಮೇಲೇ ಮಲಗಿವೆ ಕಣೋ."

"ಅಯ್ಯೋ! ಅದನ್ನ ಕಚ್ಕೊಂಡು ಹೋಗಿದ್ದು ನಿನ್ನ ನಾಯೀನೇ ಅಂತ ಎಷ್ಟು ಬೈದ್ನಲ್ಲೇ!"

ಬಸ್ಸಿಗೆ ಹೊತ್ತಾಗುತ್ತಿದೆ. ಕ್ಲೆಮ್ ಬೆರಳಿಗೆ ಪಟ್ಟಿ ಸುತ್ತಲು ಬಂದರೆ ಮೊಯ್ರಾ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.

"ಇರು, ಈ ಗಾಯಾನ ಸ್ವಲ್ಪ ನೋಡ್ಕೋತೀನಿ. ಒಂಬತ್ತು ತಿಂಗಳಾಗಿತ್ತು ಕಣೋ, ಇವು ನನ್ನನ್ನ ಕಚ್ಚಿ."