ನಲವತ್ತೊಂದನೆಯ ನಂಬರಿನ ಹಾಲು

ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದೆ. ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಕಬ್ಬಿನ ಒಣ ರವದಿ ಒಲೆಗೆ ಒಟ್ಟಿ ನೀರು ಕಾಯಿಸಿದೆ. ಡೇರಿಯ ಬೀಗ ತೆಗೆದು ಕ್ಯಾನುಗಳನ್ನು ಬಿಸಿನೀರಿನಲ್ಲಿ ತೊಳೆದೆ, ಮಷಿನ್ ಒರೆಸಿದೆ, ಮುಂಜಾನೆಯ ಹಾಲು ಅಳೆದೆ. ಮನೆಗೆ ಬಂದು ರೊಟ್ಟಿ ಬಡಿದೆ, ಹೆಸರುಬೇಳೆ ಕೇರಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಮಧ್ಯಾಹ್ನ ಚಿಕ್ಕೋಡಿಯಿಂದ ಮಷಿನ್ ರಿಪೇರಿಯವನು ಬಂದ, ಅವನಿಗೆ ಚಹಾ ಮಾಡಿದೆ. ಸಂಜೆ, ಸತ್ತವಳೊಬ್ಬಳ ನಂಬರಿನಿಂದ ಬದುಕಿದ್ದವಳೊಬ್ಬಳನ್ನು ಹೊರಗೆ ತೆಗೆದೆವು.

ಶಿರಗುಪ್ಪಿಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳೇ ನಡೆಸುವ ಹಾಲಿನ ಡೇರಿ ಇತ್ತು. ನಾನು ಅದರ ಕಾರ್ಯದರ್ಶಿ. ಮೊದಲು ಎಲ್ಲ ಕೈಬರಹ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಮಷಿನ್ ಬಂತು. ಹಾಲು ಹಾಕುವವರಿಗೆಲ್ಲ ಒಂದೊಂದು ನಂಬರು. ನಂಬರು ಒತ್ತಿದರೆ ಮುಂದಿನ ಪಾಟಿಯಲ್ಲಿ ಕೆಂಪಕ್ಷರದಲ್ಲಿ ಅವರ ಹೆಸರು ಮೂಡುತ್ತಿತ್ತು. ಹಾಲು ಸುರಿದರೆ ಎಷ್ಟು ಲೀಟರು, ಫ್ಯಾಟು ಎಷ್ಟು ಎಂದು ಚೀಟಿ ಹೊರಬರುತ್ತಿತ್ತು. ಚೀಟಿಯ ಕೆಳಗೆ ಹೋದ ವರ್ಷ ಇದೇ ತಿಂಗಳಲ್ಲಿ ಆ ನಂಬರಿನ ಫ್ಯಾಟು ಎಷ್ಟಿತ್ತು ಎಂಬುದೂ ಇರುತ್ತಿತ್ತು.

ಕೆಲವೇ ದಿನಗಳಲ್ಲಿ ನಾವು ಒಬ್ಬರನ್ನೊಬ್ಬರು ನಂಬರಿನಿಂದಲೇ ಕರೆಯಹತ್ತಿದೆವು. "ಏ ಹದಿನೇಳು, ನಿನ್ನ ಹಾಲಿನ ಕಿಟ್ಲಿ ಮರತ ಹೊಂಟಿ ನೋಡ." "ಮೂವತ್ತು ಇವತ್ಯಾಕ ಬಂದಿಲ್ಲ?" "ಅಕಿ ಎಮ್ಮಿ ಮುನಿಸ್ಕೊಂಡೈತಂತ, ಗಂಡ ಮುನಿಸ್ಕೊಂಡ್ರ ಬರ್ತಿದ್ಲು." ಹೀಗೆ.

ಮಷಿನ್ ಕೂಡಿಸಿದವನು ಅಂದು ನನಗೊಂದು ಮಾತು ಹೇಳಿಹೋಗಿದ್ದ. ಯಾರಾದರೂ ಬಿಟ್ಟುಹೋದರೆ ಅವರ ನಂಬರು ಖಾಲಿ ಇಡಬೇಡಿರಿ, ಮುಂದೆ ಬರುವವರಿಗೆ ಅದನ್ನೇ ಕೊಡಿರಿ. ನಾನು ಹಾಗೆಯೇ ಮಾಡಿದೆ. ಎಮ್ಮೆ ಮಾರಿದವರ ನಂಬರು ಹೊಸ ಎಮ್ಮೆ ತಂದವರಿಗೆ ಹೋಯಿತು. ಯಾರೂ ಚಕಾರ ಎತ್ತಲಿಲ್ಲ.

ನಲವತ್ತೊಂದು ಸತ್ತದ್ದು ಒಂದು ಮಳೆಗಾಲದಲ್ಲಿ, ಕಣ್ಣು ಮೈ ಹಳದಿಗಟ್ಟಿ, ಕಾಮಣಿಯಾಗಿ. ಹಸಿರು ಸೀರೆಯುಟ್ಟು, ಕಿಟ್ಲಿಯನ್ನು ಸೊಂಟಕ್ಕೆ ಒತ್ತಿಕೊಂಡು ಬರುತ್ತಿದ್ದಳು. ಎಮ್ಮೆಯನ್ನು ಕರುವಿದ್ದಾಗಿನಿಂದ ತಾನೇ ಸಾಕಿದ್ದಳು. ಆಕೆಯ ಅತ್ತೆಗೆ ಆಕೆ ಬರೀ ಸೊಸೆಯಲ್ಲ, ಸ್ವಂತ ತಮ್ಮನ ಮಗಳು.

ವರ್ಷ ತುಂಬುವ ಮೊದಲೇ, ನಾಲ್ಕೈದು ತಿಂಗಳಲ್ಲಿ, ಮಗನಿಗೆ ರಾಯಬಾಗದ ಕಡೆಯ ಹುಡುಗಿಯನ್ನು ತಂದರು. ನಮ್ಮ ಕಡೆ ಎರಡನೆಯ ಹೆಂಡತಿಯಾಗಿ ಬಂದವಳು ತಾಳಿಯ ಪಕ್ಕದಲ್ಲಿ ಮೊದಲಿನವಳ ಹೆಸರಿನ ಸಣ್ಣ ಬೆಳ್ಳಿ ಬಿಲ್ಲೆ ಕಟ್ಟಿಕೊಳ್ಳುವುದುಂಟು. ಹಬ್ಬದಲ್ಲಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಉಣ್ಣುವ ಮೊದಲು ಒಂದು ತುತ್ತು ಆಕೆಗೆಂದು ತೆಗೆದಿಡುತ್ತಾರೆ. ಈ ಹುಡುಗಿಯೂ ಕಟ್ಟಿಕೊಂಡಳು. ಮದುವೆಯಾದ ವಾರದಲ್ಲೇ ಅತ್ತೆ ಅವಳನ್ನು ಡೇರಿಗೆ ಕರೆತಂದು ನಿಲ್ಲಿಸಿದಳು.

"ಆಕಿ ನಂಬರ ಈಕಿಗೆ ಕೊಡವಾ. ಬಿಲ್ಲಿ ಕೊಳ್ಳಾಗ ಬಂತು, ನಂಬರೂ ಬರಲಿ."

ನಂಬರು ಖಾಲಿಯೇ ಇತ್ತು, ಕೊಟ್ಟೆ. ಲೆಕ್ಕಕ್ಕೆಂದು ಮಷಿನ್ ಜೊತೆ ಬಂದಿದ್ದ ಕಂಪ್ಯೂಟರಿನಲ್ಲಿ ಹೊಸ ಹೆಸರನ್ನೂ ಬರೆದೆ. ಆದರೆ ತೂಕದ ಮಷಿನ್ನು ಹೆಸರುಗಳನ್ನು ತನ್ನೊಳಗೇ ಬೇರೆ ಇಟ್ಟುಕೊಂಡಿತ್ತು. ಮರುದಿನ ಹುಡುಗಿ ಹಾಲು ತಂದಾಗ ನಲವತ್ತೊಂದು ಒತ್ತಿದೆ. ಪಾಟಿಯಲ್ಲಿ ಸತ್ತವಳ ಹೆಸರು ಮೂಡಿತು.

ಹುಡುಗಿಗೆ ಓದು ಬರುತ್ತಿತ್ತು. ಚೀಟಿ ನೋಡಿದಳು, ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. ಅಂದು ಅವಳು ಉಟ್ಟಿದ್ದ ಸೀರೆಯ ಮೇಲೆ ಹೊದ್ದುಕೊಂಡಿದ್ದುದು ಸತ್ತವಳ ಆ ಹಸಿರು ಸೀರೆಯನ್ನು. ಅದನ್ನು ಹೊದ್ದು ಕೂತರಷ್ಟೇ ಎಮ್ಮೆ ಹಾಲು ಬಿಡುತ್ತಿತ್ತು, ಇಲ್ಲದಿದ್ದರೆ ಒದೆಯುತ್ತಿತ್ತು. ಸರದಿಯಲ್ಲಿ ಹಿಂದೆ ನಿಂತವರಿಗೆ ಕಾಣುತ್ತಿದ್ದುದು ಅದೇ ಹಸಿರು ಬೆನ್ನು, ಮುಂದೆ ಅದೇ ಹೆಸರು. ಹರಟುತ್ತಿದ್ದ ಹೆಂಗಸರಲ್ಲಿ ಕೆಲವರು ಅವಳು ಬಂದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ರಿಪೇರಿಯವನಿಗೆ ಫೋನು ಮಾಡುತ್ತಲೇ ಇದ್ದೆ. ಇವತ್ತು ಅಥಣಿ, ನಾಳೆ ನಿಪ್ಪಾಣಿ ಎನ್ನುತ್ತಿದ್ದ.

ಒಂದು ಸಂಜೆ ಹುಡುಗಿ ಹಾಲು ಹಾಕಿ ಹೋದ ಮೇಲೆ ಕರೆಂಟು ಹೋಯಿತು. ಕತ್ತಲಲ್ಲಿ ಎಲ್ಲರೂ ಕಿಟ್ಲಿ ಹಿಡಿದು ನಿಂತಿದ್ದೆವು. ಕರೆಂಟು ಬಂದಾಗ ಮೊದಲು ಹೊತ್ತಿದ್ದು ದೀಪವಲ್ಲ, ಮಷಿನ್ನಿನ ಪಾಟಿ. ಅದರಲ್ಲಿ ಆ ಹೆಸರು. ತೂಕದ ಮುಂದೆ ಯಾರೂ ಇರಲಿಲ್ಲ.

"ಕರದಿಲ್ಲ, ಒತ್ತಿಲ್ಲ, ತಾನ ಬಂದ್ಲು ನೋಡ್ರಿ," ಎಂದಳು ಹದಿನೇಳು, ಬಹಳ ಮೆಲ್ಲಗೆ.

"ಕರೆಂಟ ಹೋಗಿ ಬಂದ್ರ ಅದು ಕಡೀ ನಂಬರ ತೋರಸ್ತೈತಿ, ಅಷ್ಟ," ಎಂದೆ ನಾನು. ಅದು ನಿಜವೇ. ಆ ಹೆಸರನ್ನು ಅಳಿಸಲು ಬೇರೆ ನಂಬರು ಒತ್ತಬೇಕಿತ್ತು. ಆದರೂ ಒತ್ತಲು ಬೆರಳು ಏಳಲಿಲ್ಲ.

ಹುಡುಗಿಯನ್ನು ನಿಜವಾಗಿ ಕೊರೆದದ್ದು ಚೀಟಿಯ ಕೆಳಗಿನ ಸಾಲು. ಎಮ್ಮೆ ಒಗ್ಗಿಕೊಂಡಿರಲಿಲ್ಲ, ಫ್ಯಾಟು ಬಿದ್ದಿತ್ತು. ಅತ್ತೆಗೆ ಅಕ್ಷರ ಬರದಿದ್ದರೂ ಅಂಕಿ ಬರುತ್ತಿದ್ದವು. "ಹೋದ ವರ್ಷ ಆಕಿ ಕೈಯಾಗ ಎಷ್ಟಿತ್ತು, ಈಗ ನಿನ್ನ ಕೈಯಾಗ ಎಷ್ಟೈತಿ? ಹಾಲಿಗೂ ಗೊತ್ತಾಗತೈತಿ ಬೇ, ಯಾರ ಕೈ ಅಂತ." ಇದು ಎರಡೂ ಹೊತ್ತು, ಪ್ರತಿ ಚೀಟಿಗೆ.

ಒಂದು ಮುಂಜಾನೆ ಎಲ್ಲರೂ ಹೋದ ಮೇಲೆ ಅವಳು ಬಾಗಿಲಲ್ಲೇ ನಿಂತಳು.

"ವೈನಿ, ಆಕಿ ಬಿಲ್ಲಿ ಕಟಗೊಂಡೀನಿ, ಬ್ಯಾಸರಿಲ್ಲ. ಮೊದಲ ತುತ್ತ ತಗದ ಇಡತೀನಿ, ಬ್ಯಾಸರಿಲ್ಲ. ಆದ್ರ ಎಮ್ಮಿಗೂ ನಾ ಆಕೀನ, ಮಷಿನ್ನಿಗೂ ನಾ ಆಕೀನ. ಮತ್ತ ನಾ ಯಾರಿಗೆ ನಾನ್ರಿ?" ಬಿಲ್ಲೆಯನ್ನು ಬೆರಳಿನಿಂದ ತಿರುವುತ್ತಿದ್ದಳು. "ನಂದ ಅಂತ ಒಂದು ನಂಬರ ಕೊಡಸ್ರಿ. ಆಗೂದಿಲ್ಲಂದ್ರ ಅದನ್ನರ ಹೇಳ್ರಿ. ನಮ್ಮಪ್ಪಗ ಫೋನ ಹಚ್ಚತೀನಿ, ಬಂದು ಕರಕೊಂಡ ಹೋಗ್ತಾನ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸುತ್ತಿದ್ದೆನೇನೋ.

ರಿಪೇರಿಯವನು ಕೊನೆಗೂ ಬಂದ ದಿನವೇ ನಾನು ಮೊದಲು ಹೇಳಿದ ದಿನ. ಚಹಾದ ಬಟ್ಟಲು ಹಿಡಿದು ಮಷಿನ್ನಿನ ಹಿಂದೆ ಕೂತ.

"ಅಕ್ಕಾರ, ಹೆಸರ ತಿದ್ದೂದು ಸಣ್ಣ ಕೆಲಸ. ಆದ್ರ ಮಷಿನ್ ಹೆಸರಿನ ಹಿಂದ ಹೋಗೂದಿಲ್ಲ, ನಂಬರಿನ ಹಿಂದ ಹೋಗತೈತಿ. ಹೆಸರ ತಿದ್ದಿದ್ರ, ಸತ್ತಾಕಿ ಹಾಕಿದ್ದ ಹಾಲೆಲ್ಲಾ ಈಕೀದ ಆಗತೈತಿ."

"ತಿದ್ದದಿದ್ರ?"

"ಈಕಿ ಹಾಕೂದೆಲ್ಲಾ ಆಕೀದ ಆಗತೈತಿ."

"ಖಾಲಿ ನಂಬರ ತುಂಬ್ರಿ ಅಂದಾಂವ ನೀನ ಅಲ್ಲೇನಪಾ?"

"ಹೌದ್ರಿ, ಅಂದಿದ್ನಿ. ಆಗ ನನಗೂ ಹೊಸಾದು." ನಕ್ಕ. "ಈಗ ಎಲ್ಲೂ ಹಂಗ ಮಾಡೂದಿಲ್ಲ. ಕಡೀಕ ಕೊಟ್ಟ ನಂಬರ ಯಾವದು, ಅದೊಂದ ನೆನಪಿಟ್ರ ಸಾಕು. ಹೊಸಬ್ರು ಬಂದ್ರ ಅದರ ಮುಂದಿಂದು. ಎಲ್ಲಿ ಖಾಲಿ ಐತಿ ಅಂತ ಮೊದಲಿಂದ ಹುಡುಕೂದ ಬ್ಯಾಡ, ಲಗೂನ ಆಗತೈತಿ. ಒಮ್ಮೆ ಒಬ್ರಿಗೆ ಕೊಟ್ಟದ್ದು ಮುಗೀತು, ಅವರು ಇರಲಿ, ಬಿಡಲಿ."

"ಉಗಾರ ಬುದ್ರುಕದ ಡೇರಿಯಾಗೂ ಒಂದು ನಲವತ್ತೊಂದು ಇರತೈತಲ?"

"ಇರಲ್ರಿ. ಮ್ಯಾಲ ಒಕ್ಕೂಟಕ್ಕ ಲೆಕ್ಕ ಕಳಸಾಗ ಊರಿನ ಅಂಕಿ ಮುಂದ ಹತ್ತತೈತಿ, ಒಂದರಾಗೊಂದು ಬೆರಿಯೂದಿಲ್ಲ. ತ್ರಾಸ ಆಗೂದು ಒಂದ ಊರಾಗ ಒಂದ ನಂಬರಿಗೆ ಇಬ್ರು ಆದಾಗ."

"ಹಿಂಗ ಮುಂದ ಮುಂದ ಹೋಗಿ ನಂಬರ ಮುಗದ್ರ?"

"ಮೂರು ಅಂಕಿ ಅದಾವ್ರಿ. ಅಷ್ಟು ಎಮ್ಮಿ ನಿಮ್ಮೂರಾಗ ಎಲ್ಲಿ ನಿಂದ್ರತಾವು? ಮುಗದ್ರ ಫೋನ ಮಾಡ್ರಿ, ನಾಕನೇದು ಕೂಡಸಾಕ ಬರ್ತೀನಿ, ಇನ್ನೊಂದು ಕಪ್ ಚಹಾ ಆಗತೈತಿ."

ಹುಡುಗಿ ಬಂದ ದಿನದಿಂದ ಹಾಕಿದ ಹಾಲನ್ನು ಹೊಸ ನಂಬರಿಗೆ ಸರಿಸಿಕೊಟ್ಟ. ನೂರಾ ಹನ್ನೆರಡು. ಹಿಂದಿನದೆಲ್ಲ ಎಲ್ಲಿತ್ತೋ ಅಲ್ಲೇ ಉಳಿಯಿತು. ಇನ್ನು ಹೊಸಬರಿಗೆ ಕಡೆಯ ನಂಬರಿನ ಮುಂದಿನದನ್ನೇ ಕೊಡುವಂತೆ ಮಷಿನ್ನನ್ನೂ ಹೊಂದಿಸಿ ಹೋದ.

ಸಂಜೆ ಹುಡುಗಿಯ ಜೊತೆ ಅತ್ತೆಯೂ ಬಂದಳು. ಯಾರೋ ಸುದ್ದಿ ಮುಟ್ಟಿಸಿದ್ದರು. ಸರದಿಯನ್ನು ಸರಿಸಿಕೊಂಡು ನೇರ ಮುಂದೆ ಬಂದು ಕಟ್ಟೆಗೆ ಕೈಯೂರಿದಳು.

"ನಂಬರ ಬದಲ ಮಾಡೀಯಂತಲ್ಲ? ನನ್ನ ಕೇಳಿದೇನ?"

"ಆಯೀ, ಒಂದ ನಂಬರಿಗೆ ಇಬ್ರು ಆಗೂದಿಲ್ಲ."

"ಮತ್ತ ಆಕಿ ಎಲ್ಲಿ ಹೋಗ್ಬೇಕು?" ದನಿ ಒಡೆಯಿತು. "ದಿನಾ ಚೀಟಿ ಯಾಕ ಇಸಗೊಂತೀನಿ ಅಂತ ಮಾಡೀ? ಓದಾಕ ಬರೂದಿಲ್ಲ ನನಗ. ಆದ್ರ ಆಕಿ ಹೆಸರಿನ ಆಕಾರ ಗುರತೈತಿ. ಮುಂಜಾನಿ ಒಮ್ಮಿ, ಸಂಜೀಕ ಒಮ್ಮಿ ಮನೀಗೆ ಬರ್ತಿದ್ಲು. ಅದನ್ನೂ ಕಳದ್ರ್ಯಾ?"

ಹುಡುಗಿ ಕಿಟ್ಲಿ ಹಿಡಿದು ಹಾಗೇ ನಿಂತಿದ್ದಳು. ಇಷ್ಟು ದಿನ ಫ್ಯಾಟಿನ ಮಾತೆಂದು ಅವಳೂ ನಾನೂ ತಿಳಿದದ್ದು ಫ್ಯಾಟಿನದಾಗಿರಲಿಲ್ಲ.

ನಾನು ಮುದುಕಿಯ ಕೈ ಹಿಡಿದು ಮಷಿನ್ನಿನ ಹತ್ತಿರ ತಂದೆ. ಅವಳ ಬೆರಳಿನಿಂದಲೇ ನಾಲ್ಕು ಒತ್ತಿಸಿದೆ, ಒಂದು ಒತ್ತಿಸಿದೆ. ಪಾಟಿಯಲ್ಲಿ ಹೆಸರು ಮೂಡಿತು.

"ಎಲ್ಲೂ ಕಳದಿಲ್ಲ ಆಯೀ. ಇಲ್ಲೇ ಅದಾಳ. ಈ ನಂಬರ ಇನ್ನ ಯಾರಿಗೂ ಕೊಡೂದಿಲ್ಲ. ಎಷ್ಟ ಮಂದಿ ಬರಲಿ, ಇದು ಆಕೀದ."

"ನೀ ಬಿಟ್ಟ ಮ್ಯಾಲ ಯಾರರ ಬಂದು ಕೊಟ್ರ?"

"ಮಷಿನ್ನ ಕೊಡೂದಿಲ್ಲ. ಅದು ಇನ್ನ ಹಿಂದ ತಿರುಗಿ ನೋಡೂದಿಲ್ಲ."

ಮುದುಕಿ ಕೆಂಪಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಒಂದು ಬೆರಳಿನಿಂದ ಪಾಟಿಯ ಗಾಜು ಸವರಿದಳು, ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹುಡುಗಿಯತ್ತ ತಿರುಗಿ, "ಏನ ನೋಡಾಕತ್ತಿ? ಹಾಲ ಹಾಕು, ಮಂದಿ ನಿಂತಾರ," ಎಂದಳು.

ಹುಡುಗಿ ಹಾಲು ಸುರಿದಳು. ಹೊಸ ಚೀಟಿ ಬಂತು. ಮೇಲೆ ಅವಳ ಹೆಸರು, ಕೆಳಗೆ ಹೋದ ವರ್ಷದ ಜಾಗ ಬರೀ ಬಿಳಿ. ಅತ್ತೆ ಕೈ ಚಾಚಿದಳು. ಹುಡುಗಿ ಒಂದು ಗಳಿಗೆ ತಡೆದು ಚೀಟಿ ಕೊಟ್ಟಳು. ಮುದುಕಿ ಅದನ್ನು ತಿರುವಿ ನೋಡಿ, "ನಿನ್ನ ಹೆಸರು ಹಿಂಗ ಇರತೈತೇನ?" ಎಂದು ಕೇಳಿ ಅವಳಿಗೇ ಮರಳಿ ಕೊಟ್ಟಳು. ಇಬ್ಬರೂ ಹಿಂದೆ ಮುಂದೆಯಾಗಿ ಹೊರಟರು. ಮುಸ್ಸಂಜೆಯಲ್ಲಿ ಹಸಿರು ಸೀರೆ ಕಬ್ಬಿನ ಗೋಡೆಯ ಮುಂದೆ ಎಲ್ಲಿ ಕರಗಿತೋ ಕಾಣಲಿಲ್ಲ. ಎಮ್ಮೆ ಒಗ್ಗುವತನಕ ಅದನ್ನು ಹೊದೆಯಲೇಬೇಕಿತ್ತು.

ಎಲ್ಲ ತೊಳೆದಿಟ್ಟು, ಬೀಗ ಹಾಕುವ ಮೊದಲು ನಾನು ಒಬ್ಬಳೇ ನಲವತ್ತೊಂದು ಒತ್ತಿದೆ. ಹೆಸರು ಬಂತು, ಮುಂದೆ ಸೊನ್ನೆ. ಡೇರಿ ಬಿಡುವತನಕವೂ ದಿನಾ ಸಂಜೆ ಹಾಗೆ ಒತ್ತುವುದನ್ನು ನಾನು ಬಿಡಲಿಲ್ಲ. ಯಾಕೆಂದು ಕೇಳಿದರೆ, ಮಷಿನ್ ಸರಿ ಇದೆಯೋ ನೋಡುತ್ತಿದ್ದೆ ಎನ್ನುತ್ತಿದ್ದೆ.

ರಾತ್ರಿ ಮುಂಜಾನೆಯ ರೊಟ್ಟಿ, ಹೆಸರುಬೇಳೆಯ ಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ಉಂಡೆವು. ಉಣ್ಣುತ್ತ ನಮ್ಮ ಅತ್ತೆ ಕೇಳಿದರು: "ನಲವತ್ತೊಂದು ಇವತ್ತ ಬಂದಿದ್ಲೇನ?"

"ಇಲ್ರಿ ಅತ್ಯಾ. ಇನ್ನ ಬರೂದಿಲ್ಲ."

"ಪಾಪ," ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಅಂದು ಮೊದಲು ಮಲಗಿದವರು ಅವರೇ. ಅವರ ಹಿಂದೆ ನಮ್ಮ ಮನೆಯವರು. ನಾನು ದೀಪ ಆರಿಸಿದ ಮೇಲೂ ಬಹಳ ಹೊತ್ತು ಕಣ್ಣು ತೆರೆದೇ ಇದ್ದೆ.