ಧರ್ಣಪ್ಪ ಭಾವನ ನೂರಿಪ್ಪತ್ತು ಜಾಕ್

ಮನೆ ಕಟ್ಟಿ ನೋಡು ಎಂದು ಗಾದೆ ಕಟ್ಟಿದವನು ಸೆಂಟ್ರಿಂಗಿನವನ ಮನೆ ನೋಡಿರಲಿಕ್ಕಿಲ್ಲ. ನೋಡಿದ್ದರೆ ಬಾಯಿ ಮುಚ್ಚಿ ಕೂತುಕೊಳ್ಳುತ್ತಿದ್ದ. ನನ್ನ ಭಾವ ಧರ್ಣಪ್ಪ ಇಪ್ಪತ್ತಾರು ವರ್ಷಗಳಲ್ಲಿ ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಇನ್ನೂರು ಸ್ಲ್ಯಾಬುಗಳಿಗೆ ಸೆಂಟ್ರಿಂಗ್ ಮಾಡಿದವನು. ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಶೀಟು, ಜಾಕ್ ಎಲ್ಲ ಅವನದ್ದು. ವಾಮದಪದವಿನಲ್ಲಿ ಅವನ ಸ್ವಂತ ಮನೆಯ ಗೋಡೆಗಳ ಮೇಲೆ ಮಾತ್ರ ಒಂಬತ್ತು ವರ್ಷ ಟಾರ್ಪಾಲು.

ಕಾರಣ ಇಷ್ಟೇ. ಅವನ ಹತ್ತಿರ ಇರುವುದು ನೂರಿಪ್ಪತ್ತು ಜಾಕ್, ಒಂದು ಮನೆಗೆ ಸಾಕು, ಎರಡಕ್ಕೆ ಇಲ್ಲ. ಸ್ಲ್ಯಾಬ್ ಹಾಕಿದ ಮೇಲೆ ಇಪ್ಪತ್ತೊಂದು ದಿನ ಅವನ್ನು ಮುಟ್ಟುವ ಹಾಗಿಲ್ಲ. ನಮ್ಮ ಕಡೆಯವರಿಗೋ, ಮೇ ಕೊನೆಯ ಪತ್ತನಾಜೆ ದಾಟಿದರೆ ಶುಭಕಾರ್ಯ ಇಲ್ಲ, ಆಮೇಲೆ ಮಳೆ. ಹಾಗಾಗಿ ಎಲ್ಲರಿಗೂ ಮನೆಯೊಕ್ಕಲು, ಅಂದರೆ ಗೃಹಪ್ರವೇಶ, ಅದರೊಳಗೇ ಆಗಬೇಕು. ವರ್ಷಕ್ಕೆ ಎಂಟು ಮನೆ, ಒಂಬತ್ತನೆಯದಕ್ಕೆ ದಿನ ಇಲ್ಲ.

ಭಾವ ಅಡುಗೆಕೋಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ದಿನ ಹಂಚುತ್ತಿದ್ದ. ಪ್ರತಿ ವರ್ಷ ಮಾರ್ಚಿನಲ್ಲಿ ‘ಮನೆ’ ಎಂದು ಬರೆಯುತ್ತಿದ್ದ, ಪ್ರತಿ ವರ್ಷ ಅಳಿಸುತ್ತಿದ್ದ. ಒಂದು ಸಲ ಬೆಳ್ತಂಗಡಿಯ ಮಾಸ್ಟ್ರ ಮಗಳ ಮದುವೆ, ಇನ್ನೊಂದು ಸಲ ಕುವೈತಿನಿಂದ ಬಂದವರೊಬ್ಬರ ರಜೆ.

“ಅವರ ರಜೆ ಮುಗೀತದೆ ಮಾರಾಯ್ತಿ, ನಮ್ಮ ಮನೆ ಎಲ್ಲಿಗೆ ಓಡಿ ಹೋಗ್ತದೆ?” ಎನ್ನುತ್ತಿದ್ದ.

“ಓಡಿ ಹೋಗುದಿಲ್ಲ, ಕುಸಿದು ಹೋಗ್ತದೆ,” ಎನ್ನುತ್ತಿದ್ದಳು ನನ್ನ ಅಕ್ಕ ಸುಂದರಿ.

ಆ ವರ್ಷ ಮಾತ್ರ ಅವನು ಪೆನ್ನಿನಲ್ಲಿ ಬರೆದ. ಅವನದ್ದು ಪಂಚಾಯತಿನಿಂದ ಮಂಜೂರಾದ ಮನೆ. ಟಾರ್ಪಾಲು ಹೋಗಿ ಸ್ಲ್ಯಾಬಿನ ಮಾಡು ಆದ ಫೋಟೋ ಮೊಬೈಲಿನಲ್ಲಿ ಹೋದರೆ ಮಾತ್ರ ಉಳಿದ ಎರಡು ಕಂತು ಹಣ, ಇಲ್ಲದಿದ್ದರೆ ರದ್ದು. ಎರಡು ಸಲ ಅವಧಿ ಮುಂದೆ ಹೋಗಿ ಇದು ಕೊನೆಯದು. ಪಂಚಾಯತಿನ ವಿಸ್ಮಿತಾ ಮನೆಗೇ ಬಂದು ಹೇಳಿದ್ದಳು: “ಮಾರ್ಚ್ ಮೂವತ್ತೊಂದು, ಸಂಜೆ ಆರು ಗಂಟೆ ಧರ್ಣಪ್ಪಣ್ಣ. ಆಮೇಲೆ ಆ್ಯಪ್ ತೆರೆಯುದೇ ಇಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ.”

ಆಗ ಜಾಕುಗಳಿದ್ದದ್ದು ಮೂಡುಬಿದಿರೆಯಲ್ಲಿ, ದುಬಾಯಿಯಿಂದ ರಜೆಯಲ್ಲಿ ಬಂದಿದ್ದ ಸುಧಾಕರ ಶೆಟ್ಟರ ಮನೆಯ ಮೇಲಿನ ಮಾಳಿಗೆಯ ಸ್ಲ್ಯಾಬಿನಡಿ. ಇಪ್ಪತ್ತೊಂದು ದಿನ ಮುಗಿದ ಕೂಡಲೇ ಇಳಿಸುವುದು, ಮಾರ್ಚ್ ಇಪ್ಪತ್ತೆಂಟಕ್ಕೆ ತನ್ನ ಮನೆಗೆ ಕಾಂಕ್ರೀಟು, ಮೂವತ್ತೊಂದರ ತನಕ ಕೈಯಲ್ಲಿ ಮೂರು ದಿನ ಎಡೆ. ಭಾವನ ಲೆಕ್ಕ ಚೊಕ್ಕವಾಗಿತ್ತು. ಅಷ್ಟರಲ್ಲಿ ಶೆಟ್ಟರ ಹೆಂಡತಿ ಪ್ರಫುಲ್ಲಾ ಎಲ್ಲಿಯೋ ಒಂದು ಪೋರ್ಟಿಕೊ ನೋಡಿಕೊಂಡು ಬಂದರು.

“ಇದೇ ಜಾಕಿನಲ್ಲಿ ಎದುರಿಗೊಂದು ಪೋರ್ಟಿಕೊ ಮಾಡಿಬಿಡುವ ಧರ್ಣಪ್ಪ,” ಎಂದರು ಶೆಟ್ಟರು.

“ಆಗುದಿಲ್ಲ ಶೆಟ್ರೇ. ಈ ಸಲ ನನ್ನ ಮನೆ ಉಂಟು.”

ಭಾವ ಜನ್ಮದಲ್ಲಿ ಮೊದಲ ಸಲ ಆಗುವುದಿಲ್ಲ ಎಂದದ್ದು. ಶೆಟ್ಟರು ಸಿಟ್ಟಾಗಲಿಲ್ಲ, ನಕ್ಕರು. “ಹಾಗಾದ್ರೆ ನಮ್ಮ ಜಾಕ್ ಈಗ ಮುಟ್ಟುದು ಬೇಡ. ಇಂಜಿನಿಯರ್ ಇಪ್ಪತ್ತೆಂಟು ದಿನ ಹೇಳಿದ್ದಾರೆ. ಗಟ್ಟಿ ಆಗ್ಲಿ.”

ನಮ್ಮ ಜಾಕ್ ಅಂತೆ! ಇದೇ ಶೆಟ್ಟರು ಕೆಳಗಿನ ಮಾಳಿಗೆಯ ಜಾಕುಗಳನ್ನು ಹನ್ನೆರಡನೇ ದಿನಕ್ಕೇ ತೆಗೆಸಿದ್ದರು, ಟೈಲ್ಸಿನವರು ಬಂದು ಕಾಯುತ್ತಿದ್ದಾರೆಂದು. ಆಗ ಬೇಡ ಬೇಡ ಎಂದವನು ಭಾವ. ಅವನ ಮಾತನ್ನೇ ತಿರುಗಿಸಿ ಅವನ ತಲೆಗೆ ಹೊಡೆದರು. ಬಾಡಿಗೆಗೆ ತರುವ ಎಂದರೆ ಮಾರ್ಚಿನಲ್ಲಿ ಯಾರ ಹತ್ತಿರ ಜಾಕ್ ಖಾಲಿ ಇರುತ್ತದೆ?

“ನಾನು ಕೆಲಸ ಕಲಿತದ್ದೇ ಅಡಿಕೆ ಕಂಬದಲ್ಲಿ,” ಎಂದ ಭಾವ. ನೆರೆಯ ತುಕ್ರಪ್ಪನ ತೋಟದಲ್ಲಿ ಬಿದ್ದಿದ್ದ ಒಣ ಅಡಿಕೆ ಮರಗಳನ್ನು ಹೊತ್ತು ತಂದ. ಜಾಕ್ ಆದರೆ ತಿರುಗಿಸಿದರೆ ಏರುತ್ತದೆ. ಕಂಬವನ್ನು ಒಂದೊಂದಾಗಿ ಅಳೆದು ಕೊಯ್ಯಬೇಕು, ಬುಡಕ್ಕೆ ಬೆಣೆ ಹೊಡೆಯಬೇಕು. ಹಳೆಯ ಹಲಗೆ, ನೂರನಲವತ್ತು ಕಂಬ. ಅವನು ಕೊಯ್ದ, ಅಕ್ಕ ಹಿಡಿದುಕೊಂಡಳು. ಮೂರು ದಿನದ ಎಡೆ ಅದಕ್ಕೇ ಹೋಯಿತು. ಮೂವತ್ತರ ಮಧ್ಯಾಹ್ನ ಮೇಲೆ ಕಬ್ಬಿಣದ ಕಂಬಿ ಕಟ್ಟಿಯೂ ಆಯಿತು. ಇನ್ನು ಬೇಕಾದದ್ದು ಕಾಂಕ್ರೀಟು ಮಿಕ್ಸರ್ ಮತ್ತು ಹದಿನಾಲ್ಕು ಜನ. ಅದು ನನ್ನದು, ಕಾಂಕ್ರೀಟು ಹಾಕಿಸುವುದೇ ನನ್ನ ಕಸುಬು. “ಬೆಳಿಗ್ಗೆ ಆರಕ್ಕೆ ಅಲ್ಲಿರ್ತೇನೆ ಭಾವ,” ಎಂದಿದ್ದೆ.

ಆ ಸಂಜೆ ನನಗೆ ಶೆಟ್ಟರ ಫೋನು ಬಂತು. ಕೇಳಿದಷ್ಟು ಕೊಟ್ಟು ಕಲ್ಲಡ್ಕದಿಂದ ಬೇರೆ ಸೆಂಟ್ರಿಂಗಿನವರನ್ನು ಕರೆಸಿ ಪೋರ್ಟಿಕೊ ತಯಾರು ಮಾಡಿಸಿದ್ದರು. “ಜಯಪ್ರಕಾಶ್, ನಾಳೆ ಬೆಳಿಗ್ಗೆ ಎರಡು ಗಂಟೆಯ ಕೆಲಸ ಅಷ್ಟೇ. ನನ್ನ ತಮ್ಮನದ್ದು ಬರುವ ವರ್ಷ ಮೂರು ಬಿಲ್ಡಿಂಗ್ ಉಂಟು. ನಿನ್ನನ್ನು ಬಿಟ್ಟು ಯಾರಿಗೆ ಕೊಡುದು?”

ನಾನೂ ಲೆಕ್ಕ ಹಾಕಿದೆ. ಆರರಿಂದ ಒಂಬತ್ತು ಪೋರ್ಟಿಕೊ, ಹತ್ತೂವರೆಗೆ ವಾಮದಪದವು, ಆರು ಗಂಟೆಯ ಕೆಲಸ, ನಾಲ್ಕೂವರೆಗೆ ಭಾವನ ಮಾಡು. ಸರಿಯಾಗಿ ಕೂತಿತು. ಮನಸ್ಸಿನಲ್ಲಿ ಹಾಕುವ ಲೆಕ್ಕ ಯಾವಾಗ ಕೂತಿಲ್ಲ ಹೇಳಿ? ಭಾವನಿಗೆ ಫೋನು ಮಾಡಿ, ಸ್ವಲ್ಪ ತಡ, ಹತ್ತೂವರೆ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. “ಆಯ್ತು, ಬಾ,” ಎಂದ.

ಆರಕ್ಕೆ ಶೆಟ್ಟರಲ್ಲಿಗೆ ಹೋದರೆ, ಮೊದಲ ಬಾಣಲೆ ಕಾಂಕ್ರೀಟು ಸುರಿಯಲು ಜೋಯಿಸರು ಕೊಟ್ಟ ಮುಹೂರ್ತ ಹತ್ತು ಗಂಟೆ ಹತ್ತು ನಿಮಿಷ ಎಂದರು ಪ್ರಫುಲ್ಲಕ್ಕ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಆಳುಗಳ ಮೇಸ್ತ್ರಿ ಅಬ್ದುಲ್ ರಹಿಮಾನ್ ನೆರಳಿನಲ್ಲಿ ಕೂತಿದ್ದ. ರಂಜಾನ್ ತಿಂಗಳು, ಅವರೆಲ್ಲರಿಗೂ ಉಪವಾಸ.

“ಅಣ್ಣ, ನಿಮ್ಮ ಅಕ್ಕನ ಮನೆಗೆ ಮುಹೂರ್ತ ಇಲ್ವಾ?” ಎಂದ.

“ನೀನು ನಿನ್ನ ಕೆಲಸ ನೋಡು,” ಎಂದು ಗದರಿದೆ. ಮಿಕ್ಸರನ್ನು ಗಾಡಿಗೆ ಕಟ್ಟಿಕೊಂಡು ಹೊರಡಬಹುದಿತ್ತು. ಹೊರಡಲಿಲ್ಲ. ತಲೆಯೊಳಗೆ ಮೂರು ಬಿಲ್ಡಿಂಗು ನಿಂತಿದ್ದವು. ಕೆಲಸ ಮುಗಿಯುವಾಗ ಒಂದು ಗಂಟೆ. ಸ್ಲ್ಯಾಬಿನ ದಿನ ಉಣ್ಣದೆ ಹೋಗಬಾರದೆಂದು ಶೆಟ್ಟರು ಕೈ ಹಿಡಿದರು. ನಾನು ಕೂತೆ. ಪಾಯಸ ಎರಡು ಸಲ ಹಾಕಿಸಿಕೊಂಡೆ. ಉಪವಾಸದವರು ಬಿಸಿಲಲ್ಲಿ ಗಾಡಿಯ ಹತ್ತಿರ ಕಾಯುತ್ತಿದ್ದರು. ಥೂ, ನನ್ನ ಜನ್ಮಕ್ಕಿಷ್ಟು!

ಮಿಕ್ಸರ್ ಎಳೆದುಕೊಂಡು ಸಿದ್ಧಕಟ್ಟೆ ದಾರಿಯಾಗಿ ವಾಮದಪದವು ಮುಟ್ಟುವಾಗ ಎರಡೂವರೆ. ಭಾವ ಮೇಲೆ ನಿಂತು, ಬೆಳಗ್ಗಿನಿಂದ ಎಷ್ಟನೆಯ ಸಲವೋ, ಹಲಗೆಗೆ ನೀರು ಹಾಕುತ್ತಿದ್ದ. “ಬಂದಿಯಾ,” ಎಂದನಷ್ಟೇ. ಅಕ್ಕ ನನ್ನ ಅಂಗಿಯ ಮೇಲಿದ್ದ ಪಾಯಸದ ಕಲೆ ನೋಡಿದಳು.

“ಊಟ ಆಯ್ತಾ ತಮ್ಮ?”

“ಆಯ್ತಕ್ಕ,” ಎಂದೆ.

ಐದಕ್ಕೆ ವಿಸ್ಮಿತಾ ಬಂದಳು. ಅರ್ಧ ಮಾಡು ಕೂಡ ಆಗಿರಲಿಲ್ಲ. ಮೊಬೈಲು ಹಿಡಿದುಕೊಂಡು ಅಂಗಳದಲ್ಲಿ ನಿಂತೇ ಇದ್ದಳು. ಆರಕ್ಕೆ ಐದು ನಿಮಿಷ ಇರುವಾಗ ಇದ್ದದ್ದರ ಫೋಟೋ ತೆಗೆದು ಕಳಿಸಿದಳು. “ಇದು ಪಾಸಾಗುದಿಲ್ಲ ಅಣ್ಣ,” ಎಂದು ಮುಖ ಆಚೆ ತಿರುಗಿಸಿದಳು. ಪಾಸಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸ್ಲ್ಯಾಬನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ, ಸಂದಿನಲ್ಲಿ ಜೀವಮಾನವಿಡೀ ಸೋರುತ್ತದೆ. ಅಕ್ಕ ಆಳುಗಳಿಗೆಂದು ಮೊದಲೇ ಖರ್ಜೂರ, ಕಲ್ಲಂಗಡಿ ತಂದಿಟ್ಟಿದ್ದಳು. ಅವರು ಮಾಡಿನ ಮೇಲೆಯೇ ಉಪವಾಸ ಬಿಟ್ಟು ಉಳಿದದ್ದನ್ನು ಮುಗಿಸಿ ಕೊಟ್ಟರು. ಅಬ್ದುಲ್ ರಹಿಮಾನ್ ಆ ದಿನದ ಸಂಬಳ ಮುಟ್ಟಲಿಲ್ಲ. ಮುಟ್ಟಿದವನು ನಾನು, ಶೆಟ್ಟರ ದುಡ್ಡು.

ಈಗ ಭಾವನ ಮನೆಗೆ ಮಾಡು ಉಂಟು, ಬಾಗಿಲಿಲ್ಲ. ಸೀರೆ ಕಟ್ಟಿದ್ದಾರೆ. ಕಂತು ರದ್ದಾಯಿತು. ಶೆಟ್ಟರ ಮನೆಯೊಕ್ಕಲಿಗೆ ಭಾವ ಹೋಗಿ, ಪೋರ್ಟಿಕೊದ ಕೆಳಗೆ ನಿಂತು ತಲೆ ಎತ್ತಿ, “ಚಂದ ಆಗಿದೆ,” ಎಂದ. ನನ್ನ ಹತ್ತಿರ ಜಗಳ ಆಡಲಿಲ್ಲ. ಆಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಆ ಮೂರು ಬಿಲ್ಡಿಂಗು ಮಂಗಳೂರಿನ ಯಾರಿಗೋ ಹೋದವು.

ಮೊನ್ನೆ ನೀರು ಕುಡಿಯಲು ಭಾವನ ಅಡುಗೆಕೋಣೆಗೆ ಹೋದವನು ಆ ಹಳೆಯ ಕ್ಯಾಲೆಂಡರ್ ನೋಡಿದೆ. ಮಾರ್ಚಿನ ಕೊನೆಯ ಮೂರು ಚೌಕಗಳಲ್ಲಿ ಎಡೆ ಬಿಟ್ಟ ಕಾರಣವನ್ನು ಭಾವ ಬರೆದಿದ್ದ: ಒಂದು ದಿನ ಮಳೆಗೆ, ಒಂದು ದಿನ ಕಂಬಿಯವನಿಗೆ, ಒಂದು ದಿನ ಶೆಟ್ರಿಗೆ. ಅವರೆಲ್ಲರ ತಡವನ್ನೂ ಅವನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದ.

ನನಗೆಂದು ಒಂದು ದಿನವನ್ನೂ ಬಿಟ್ಟಿರಲಿಲ್ಲ. ಭಾವಮೈದುನ ಅಲ್ವಾ, ತಪ್ಪಿಸುವುದಿಲ್ಲ ಎಂದುಕೊಂಡಿದ್ದ.