ಖಾಲಿ ಪ್ರಶ್ನೆಗೆ ಅಮ್ಮ ಹೂ ಕೊಡಲಿಲ್ಲ

2003ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ, ನಾನು ಓದು ಬಿಟ್ಟೆ. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ಹನ್ನೊಂದು ವರ್ಷ ದುಡಿದೆ. ಹಳೆಯ ಕಂಪ್ಯೂಟರ್ ಒಂದನ್ನು ಕೊಂಡು, ವಿಡಿಯೊ ನೋಡಿ, ವೆಬ್‌ಸೈಟ್ ಮಾಡುವುದನ್ನು ನಾನೇ ಕಲಿತೆ. ಯಾರೂ ಕಲಿಸಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅವ್ವನಿಗೆ ಕಿಡ್ನಿ ಕೈಕೊಟ್ಟಾಗ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಸೀಟು ಸಿಗದ ದಿನ ನನಗೆ ಒರಗಿ ನಿಂತೇ ಬರುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಆಮೇಲೆ ನಮ್ಮ ಕಡೆಯ ಟ್ರಸ್ಟೊಂದು ಇಂಥ ರೋಗಿಗಳಿಗೆ ವ್ಯಾನ್ ಬಿಟ್ಟಿತು. ಸೀಟು ಕಾಯ್ದಿರಿಸುವ ವೆಬ್ ಪುಟವನ್ನು ನಾನು ಮಾಡಿಕೊಟ್ಟೆ. ಕಾಯ್ದಿರಿಸಿದವರಿಗೆ ಒಂದು ನಂಬರು. ರದ್ದು ಮಾಡಲು ಒಂದು ಲಿಂಕು, ಅದರ ಕೊನೆಯಲ್ಲಿ ಆ ನಂಬರು. ಬೆಳಿಗ್ಗೆ ಡ್ರೈವರ್ ಪಟ್ಟಿ ನೋಡಿ ಹೊರಡುತ್ತಿದ್ದ.

ಹೋದ ಆಷಾಢದ ಒಂದು ಸೋಮವಾರ ಪಟ್ಟಿ ಪೂರ್ತಿ ಖಾಲಿ. ಯಾರೂ ಇಲ್ಲವೆಂದು ವ್ಯಾನ್ ಹೊರಡಲಿಲ್ಲ. ಸೀಟು ಕಾಯ್ದಿರಿಸಿದ್ದ, ಪಕ್ಕದ ಮಧುರೆ ಊರಿನ ಹನುಮಕ್ಕ ಬಸ್ ಸ್ಟಾಪಿನಲ್ಲಿ ಹನ್ನೊಂದು ಗಂಟೆಯವರೆಗೆ ಕಾದು ಮನೆಗೆ ಮರಳಿದರಂತೆ. ಮಾರನೆಯ ದಿನ ಉಸಿರು ಕಟ್ಟಿ ಐಸಿಯು ಸೇರಿದರು. ಗುರುವಾರ ಮತ್ತೆ ಪಟ್ಟಿ ಖಾಲಿ. ಡ್ರೈವರೇ ಎಲ್ಲರಿಗೂ ಫೋನ್ ಮಾಡಿ ಕರೆದೊಯ್ದ.

ಟ್ರಸ್ಟಿನ ಕಾರ್ಯದರ್ಶಿ ಫೋನಿನಲ್ಲಿ, “ಏನ್ ಗುರು, ಆಯಮ್ಮನ್ ಪ್ರಾಣಾನೇ ತೆಗೀತಿದ್ದೆಯಲ್ಲ! ಸೋಮವಾರದೊಳಗೆ ಯಾಕಾಯ್ತು ಅಂತ ಹೇಳು. ಇಲ್ಲಾಂದ್ರೆ ಓದ್ಕೊಂಡಿರೋರ್ ಕೈಗೆ ಕೊಡ್ತೀವಿ” ಎಂದರು.

ಆ ಮಾತು ನಾಟಿತು. ಎರಡು ದಿನ ಕೂತು ಪುಟದ ಎಲ್ಲ ಲಿಂಕುಗಳನ್ನೂ ಒತ್ತಿ ನೋಡಿದೆ. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಕೇಳೋಣವೆಂದರೆ ಯಾರನ್ನು? ಯಾರನ್ನೂ ಏನೂ ಕೇಳದೆ ಬೆಳೆದವನು ನಾನು. ಫೋನಿನಲ್ಲಿ ಹುಡುಕಿದರೆ, ಕೆಲಸವಿಲ್ಲದೆ ಮಾತಾಡಬಹುದಾದ ಒಂದು ಹೆಸರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸಪ್ಪಲಮ್ಮನ ಗುಡಿಗೆ ಹೋದೆ. ಅಲ್ಲಿ ಅಮ್ಮನ ಮೈಮೇಲೆ ಹೂ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಅಪ್ಪಣೆ.

“ಯಾರ್ ಹೆಸ್ರಲ್ಲಿ ಕೇಳ್ಲಪ್ಪ?” ಎಂದರು ಪೂಜಾರಿ ಮುನಿಯಪ್ಪ.

“ಎಲ್ಲಾರ್ದೂ. ಒಳ್ಳೇದಾಗ್ಲಿ ಅಂತ ಕೇಳಿ.”

“ಎಲ್ಲಾರೂ ಅಂದ್ರೆ ಊರೋ, ದೇಶಾನೋ? ಹೆಸ್ರು ಹೇಳು, ಏನಾಗ್ಬೇಕು ಹೇಳು. ಖಾಲಿ ಪ್ರಶ್ನೆ ಅಮ್ಮನ ಮುಂದೆ ಇಡಾಕಿಲ್ಲ.”

“ಹೇಳ್ದೇ ಇದ್ರೆ ಅಮ್ಮಂಗೆ ಗೊತ್ತಾಗಲ್ವಾ?”

“ಅವಳಿಗೆ ಗೊತ್ತಾಗ್ತದೆ ಕಣೋ. ಯಾರಿಗೆ ಕೊಟ್ಲು ಅಂತ ನಿಂಗ್ ಗೊತ್ತಾಗಾಕಿಲ್ಲ. ಆ ಕಡೆ ನಿಂತ್ಕೊ, ಹಿಂದಿನೋರು ಬರ್ಲಿ.”

ಅಮ್ಮನ ಬಾಗಿಲಲ್ಲೂ ತಳ್ಳಿಸಿಕೊಂಡೆನಲ್ಲ ಎಂದು ಕಟ್ಟೆಯ ಮೇಲೆ ಕೂತು ಅತ್ತೆ. ಅಳುತ್ತಲೇ ಆ ಮಾತು ತಲೆಯಲ್ಲಿ ತಿರುಗಿತು: ಖಾಲಿ ಪ್ರಶ್ನೆ. ನಂಬರೇ ಹೇಳದೆ ಯಾರಾದರೂ ‘ರದ್ದು ಮಾಡು’ ಎಂದರೆ ನನ್ನ ಪ್ರೋಗ್ರಾಂ ಏನು ಮಾಡುತ್ತದೆ? ಬಾಗಿಲಲ್ಲಿ ನಿಲ್ಲಿಸಿ ಕೇಳುವ ಒಂದು ಸಾಲನ್ನೂ ನಾನು ಬರೆದಿರಲಿಲ್ಲ.

ಓಡಿಬಂದು ಸರ್ವರಿನ ದಾಖಲೆ ತೆರೆದೆ. ಎರಡೂ ದಿನ, ನಂಬರಿಲ್ಲದ ಒಂದೊಂದು ಕೋರಿಕೆ ಬಂದಿತ್ತು. ಯಾರೋ ವಾಟ್ಸಾಪಿನಲ್ಲಿ ಲಿಂಕು ಕಳಿಸುವಾಗ ಕೊನೆಯ ನಂಬರು ಬಿಟ್ಟುಹೋಗಿರಬೇಕು. ನಂಬರಿದ್ದರೆ ಅದೊಂದನ್ನೇ ತೆಗೆಯುತ್ತಿದ್ದ ಪ್ರೋಗ್ರಾಂ, ಇಲ್ಲದಾಗ ಎಲ್ಲರನ್ನೂ ಅಳಿಸಿಹಾಕಿತ್ತು. ಸರಿಯಾದ ಲಿಂಕನ್ನೇ ಒತ್ತಿ ನೋಡುತ್ತಿದ್ದ ನನಗೆ ಅದು ಕಾಣುವುದಾದರೂ ಹೇಗೆ? ಪುಟ ಕಟ್ಟಲು ನಾನು ಬಳಸುವ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನಲ್ಲಿ, ಬಂದ ಕೋರಿಕೆಯನ್ನು ತಪಾಸಣೆ ಮಾಡುವ ನಿಯಮ ಬರೆಯಲು ಜಾಗವೇ ಇದೆ. ಬೇಕಿಲ್ಲವೆಂದು ಬಿಟ್ಟವನು ನಾನು. ಈಗ ಬರೆದೆ: ನಂಬರು ಇರಲೇಬೇಕು, ಅಂಕಿಯೇ ಆಗಿರಬೇಕು, ಅಂದಿನ ಪಟ್ಟಿಯಲ್ಲಿರಬೇಕು. ಬೇಕೆಂದೇ ಖಾಲಿ ಲಿಂಕು ಒತ್ತಿದೆ. ‘ನಂಬರು ಹೇಳಿ’ ಎಂದು ತಿರುಗಿಸಿ ಕಳಿಸಿತು. ಮುನಿಯಪ್ಪನವರ ದನಿಯೇ ಕೇಳಿದಂತಾಯಿತು.

ಸಂಜೆ ಮತ್ತೆ ಗುಡಿಗೆ ಹೋದೆ. “ಹೆಸ್ರು ಹನುಮಕ್ಕ, ಮಧುರೆ. ಆಸ್ಪತ್ರೆಯಿಂದ ನಡ್ಕೊಂಡು ಆಚೆ ಬರ್ಬೇಕು.”

“ಈಗ ಸರಿ ನೋಡು,” ಎಂದರು ಮುನಿಯಪ್ಪ.

ಬಲಗಡೆಯ ಹೂ ಬಿತ್ತು.

ಸೋಮವಾರ ಕಾರ್ಯದರ್ಶಿಗೆ ಕಾರಣ ಹೇಳಿದೆ, ಕೆಲಸ ನನ್ನ ಕೈಯಲ್ಲೇ ಉಳಿಯಿತು. ಹೂ ಬಿದ್ದ ಎಂಟನೇ ದಿನ ಹನುಮಕ್ಕ ಆಸ್ಪತ್ರೆಯಿಂದ ತಮ್ಮ ಮನೆಗೆ ಬಂದರು. ಹೋಗಿ ನಡೆದದ್ದೆಲ್ಲ ಹೇಳಿ, ತಪ್ಪಾಯಿತು ಎಂದೆ. “ಇದನ್ ಹೇಳಕ್ಕೆ ಇಲ್ಲೀಗಂಟ ಬಂದ್ಯಾ? ಮುಖ ನೋಡಿದ್ರೆ ಐಸಿಯುನಿಂದ ಬಂದೋನು ನೀನೇ ಅನ್ನಂಗಿದ್ದೀಯ. ಕೂತ್ಕೊ, ಮುದ್ದೆ ತಿನ್ನು” ಎಂದರು. ಇನ್ನೊಬ್ಬರ ಮನೆಯಲ್ಲಿ ಕೂತು ಉಂಡು ಎಷ್ಟು ವರ್ಷವಾಗಿತ್ತೋ.

ಬಂಧುಗಳೇ, ಅಮ್ಮ ಅಂದು ನನ್ನನ್ನು ತಿರುಗಿಸಿ ಕಳಿಸಿದ್ದೇ ಅವಳ ಕೃಪೆ. ನಾನು ಅದನ್ನು ಹಾಗೆಯೇ ನಂಬಿದ್ದೇನೆ.

ಈಗ ನನ್ನ ಬಳಿ ಇರುವುದು ಇಷ್ಟು: ಬಾಡಿಗೆಯ ಒಂದು ಕೋಣೆ, ಒಂದು ಕಂಪ್ಯೂಟರ್, ಅವ್ವನ ಒಂದು ಫೋಟೋ, ಅದರ ಮುಂದೆ ಒಣಗಿದ ಒಂದು ಹೂ, ಫೋನಿನಲ್ಲಿ ಕೆಲಸವಿಲ್ಲದೆಯೂ ಮಾತಾಡಬಹುದಾದ ಒಂದು ಹೆಸರು, ನಾಳೆಯ ಪಟ್ಟಿಯಲ್ಲಿ ಒಂಬತ್ತು.